ವಸ್ತುವಿಗೆ ಬೆಳಕಿತ್ತ ಛಾಯಾಗ್ರಾಹಕ: ಎಡ್ವರ್ಡ್ ಸ್ಟೈಕನ್

ದಿನಪತ್ರಿಕೆಯನ್ನು ಬಿಡಿಸಿದೊಡನೆ ಸುದ್ದಿಗಿಂತ ಮೊದಲು ನಮ್ಮ ಕಣ್ಣಿಗೆ ಬೀಳುವುದು ಜಾಹೀರಾತು. ಸಾಬೂನು, ಕೈಗಡಿಯಾರ, ಚಹಾದ ಪೊಟ್ಟಣ, ರೇಷ್ಮೆ ಸೀರೆ ಇವೆಲ್ಲ ಅಂಗಡಿಯಲ್ಲಿರುವುದಕ್ಕಿಂತ ಹೆಚ್ಚು ಚೆಲುವಾಗಿ ಅಲ್ಲಿ ಕಂಗೊಳಿಸುತ್ತವೆ. ಅವುಗಳ ಚಿತ್ರ ತೆಗೆದವರ ಹೆಸರು ಮಾತ್ರ ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ವ್ಯಾಪಾರಕ್ಕಾಗಿ ವಸ್ತುಗಳ ಚಿತ್ರ ತೆಗೆಯುವ ಈ ವಿದ್ಯೆಗೆ ಗೌರವದ ಸ್ಥಾನ ದೊರಕಿಸಿಕೊಟ್ಟವರಲ್ಲಿ ಅಗ್ರಗಣ್ಯರಾದ ಎಡ್ವರ್ಡ್ ಸ್ಟೈಕನ್ ಅವರ ಜೀವನವನ್ನು ನಮ್ಮ ಓದುಗರಿಗೆ ಪರಿಚಯಿಸಲು ಇಲ್ಲಿ ಯತ್ನಿಸಿದ್ದೇವೆ.

ಬಾಲ್ಯ ಮತ್ತು ಮೊದಲ ಕ್ಯಾಮೆರಾ

ಸ್ಟೈಕನ್ ಜನಿಸಿದ್ದು 1879ರ ಮಾರ್ಚ್ 27ರಂದು, ಯೂರೋಪಿನ ಪುಟ್ಟ ದೇಶವಾದ ಲಕ್ಸೆಂಬರ್ಗಿನ ಬಿವಾಂಜ್ ಎಂಬ ಹಳ್ಳಿಯಲ್ಲಿ. ಮಗು ಇನ್ನೂ ಚಿಕ್ಕದಿರುವಾಗಲೇ ಕುಟುಂಬ ಹೊಟ್ಟೆಪಾಡಿಗಾಗಿ ಅಮೆರಿಕಕ್ಕೆ ವಲಸೆ ಹೋಯಿತು. ತಂದೆ ತಾಮ್ರದ ಗಣಿಯಲ್ಲಿ ದುಡಿದು ಆರೋಗ್ಯ ಕಳೆದುಕೊಂಡರು. ಮನೆಯ ಭಾರವನ್ನು ಹೊತ್ತವರು ತಾಯಿ ಮಾರಿ. ಹೆಂಗಸರ ಟೋಪಿಗಳನ್ನು ತಯಾರಿಸಿ ಮಾರುವ ಅಂಗಡಿಯಿಂದ ಆಕೆ ಸಂಸಾರವನ್ನು ಸಾಗಿಸಿದರು. ಊರು ಬಿಟ್ಟು ಪರಸ್ಥಳದಲ್ಲಿ ಬದುಕು ಕಟ್ಟಿಕೊಂಡ ಹಿರಿಯರನ್ನು ಕಂಡಿರುವ ನಮಗೆ ಈ ಚಿತ್ರ ಅಪರಿಚಿತವಲ್ಲ.

ಹದಿನೈದರ ಹರೆಯದಲ್ಲಿ ಸ್ಟೈಕನ್ ಮಿಲ್ವಾಕಿ ನಗರದ ಒಂದು ಕಲ್ಲಚ್ಚಿನ ಮುದ್ರಣ ಸಂಸ್ಥೆಯಲ್ಲಿ ಶಿಷ್ಯವೃತ್ತಿಗೆ ಸೇರಿದರು. ಜಾಹೀರಾತಿನ ಭಿತ್ತಿಚಿತ್ರಗಳನ್ನು ರಚಿಸುವುದು ಅಲ್ಲಿಯ ಕೆಲಸ. ಹಿಟ್ಟಿನ ಗಿರಣಿಗಳಿಗಾಗಿ ಗೋಧಿಯ ತೆನೆ, ಮಾಂಸದ ವ್ಯಾಪಾರಿಗಳಿಗಾಗಿ ಹಂದಿ ಹೀಗೆ ಚಿತ್ರಗಳು ಬೇಕಾಗುತ್ತಿದ್ದವು. ಕಲಾವಿದರು ಹಳೆಯ ಅಚ್ಚುಗಳನ್ನೇ ನೋಡಿ ನಕಲು ಮಾಡುತ್ತಿದ್ದರು. ನಿಜವಾದ ತೆನೆ ಮತ್ತು ನಿಜವಾದ ಹಂದಿಯ ಛಾಯಾಚಿತ್ರ ತೆಗೆದು ಅದರಿಂದ ಚಿತ್ರ ಬರೆಯಬಾರದೇಕೆ ಎಂಬ ಯೋಚನೆ ಈ ಹುಡುಗನಿಗೆ ಹೊಳೆಯಿತು. ವ್ಯಾಪಾರಿಗಳು ಆ ಹಂದಿಗಳನ್ನು ಬಹಳ ಮೆಚ್ಚಿದರಂತೆ.

1895ರಲ್ಲಿ ಬಳಸಿದ ಕೊಡಾಕ್ ಕ್ಯಾಮೆರಾವೊಂದು ಕೈಗೆ ಬಂದಿತು. ಮೊದಲ ಸುರುಳಿಯ ಐವತ್ತು ಚಿತ್ರಗಳಲ್ಲಿ ಅಚ್ಚು ಹಾಕಲು ಯೋಗ್ಯವಾದುದು ಒಂದೇ. ತಂಗಿ ಲಿಲಿಯನ್ ಪಿಯಾನೋ ನುಡಿಸುತ್ತಿದ್ದ ಚಿತ್ರವದು. ತಂದೆಗೆ ಇದು ದಂಡದ ಖರ್ಚೆನಿಸಿತು. ಮಗಳ ಚಿತ್ರ ಅಷ್ಟು ಚೆಲುವಾಗಿರುವಾಗ ಉಳಿದ ನಲವತ್ತೊಂಬತ್ತು ಕೆಟ್ಟರೂ ಚಿಂತೆಯಿಲ್ಲವೆಂದು ತಾಯಿ ಮಗನ ಬೆನ್ನಿಗೆ ನಿಂತರು. ಆ ದಿನ ತಾಯಿಯ ಮಾತು ಬೇರೆಯಾಗಿದ್ದರೆ ಛಾಯಾಗ್ರಹಣದ ಇತಿಹಾಸವೂ ಬೇರೆಯಾಗುತ್ತಿತ್ತೇನೋ.

ಕಲಾವಿದನ ಕೀರ್ತಿ

1900ರಲ್ಲಿ ಪ್ಯಾರಿಸ್ಸಿಗೆ ಹೊರಟ ಸ್ಟೈಕನ್ ನ್ಯೂಯಾರ್ಕಿನಲ್ಲಿ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಅವರನ್ನು ಕಂಡರು. ಛಾಯಾಗ್ರಹಣ ಯಂತ್ರದ ಕೆಲಸವಲ್ಲ, ಲಲಿತಕಲೆ ಎಂದು ಹೋರಾಡುತ್ತಿದ್ದ ಸ್ಟೀಗ್ಲಿಟ್ಸ್, ತರುಣನ ಮೂರು ಚಿತ್ರಗಳನ್ನು ತಲಾ ಐದು ಡಾಲರಿಗೆ ಕೊಂಡರು. 1905ರಲ್ಲಿ ಇಬ್ಬರೂ ಸೇರಿ ನ್ಯೂಯಾರ್ಕಿನ ಐದನೆಯ ಅವೆನ್ಯೂವಿನಲ್ಲಿ ಒಂದು ಪುಟ್ಟ ಕಲಾ ಗ್ಯಾಲರಿಯನ್ನು ತೆರೆದರು. ಮುಂದೆ ಅದು 291 ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಆ ಕಾಲದ ಸ್ಟೈಕನ್ ಚಿತ್ರಗಳು ಮಂಜು ಮುಸುಕಿದಂತೆ ಮೃದುವಾದವು. 1904ರಲ್ಲಿ ತೆಗೆದ ಬೆಳದಿಂಗಳ ಕೊಳದ ಚಿತ್ರದ ಒಂದು ಪ್ರತಿ 2006ರಲ್ಲಿ 29 ಲಕ್ಷ ಡಾಲರಿಗೂ ಮಿಗಿಲಾದ ಬೆಲೆಗೆ ಹರಾಜಾಯಿತು.

ಮೊದಲ ಮಹಾಯುದ್ಧ ಅವರ ದೃಷ್ಟಿಯನ್ನು ಬದಲಿಸಿತು. ಫ್ರಾನ್ಸಿನಲ್ಲಿ ಅಮೆರಿಕನ್ ಸೇನೆಯ ವೈಮಾನಿಕ ಛಾಯಾಗ್ರಹಣದ ಹೊಣೆ ಅವರ ಮೇಲೆ ಬಿತ್ತು. ಆಕಾಶದಿಂದ ಶತ್ರುವಿನ ಕಂದಕವನ್ನು ಗುರುತಿಸಬೇಕಾದಲ್ಲಿ ಮಂಜಿನ ಸೊಬಗಿಗೆ ಎಡೆಯಿಲ್ಲ. ಗೆರೆ ಗೆರೆಯೂ ಸ್ಪಷ್ಟವಾಗಿರಬೇಕು. ಯುದ್ಧ ಮುಗಿದ ಬಳಿಕ ಫ್ರಾನ್ಸಿನ ವುಲಾಂಜಿಸ್ ಹಳ್ಳಿಯ ತಮ್ಮ ಮನೆಯಲ್ಲಿ ಅವರು ತಮ್ಮ ವರ್ಣಚಿತ್ರಗಳನ್ನು ರಾಶಿ ಹಾಕಿ ಸುಟ್ಟರು. ಇನ್ನು ಕ್ಯಾಮೆರಾ ಒಂದೇ ಎಂದು ನಿಶ್ಚಯಿಸಿದರು.

ಬಟ್ಟಲಿನ ಪಾಠ

ನಲವತ್ತು ದಾಟಿದ, ಹೆಸರಾಂತ ಕಲಾವಿದ ಮತ್ತೆ ವಿದ್ಯಾರ್ಥಿಯಾದ. ಬಿಳಿಯಿಂದ ಕಪ್ಪಿನವರೆಗೆ ಹಂತಹಂತವಾಗಿ ಇಳಿಯುವ ಹಿನ್ನೆಲೆಯ ಮುಂದೆ ಒಂದು ಬಿಳಿಯ ಕಪ್ಪು ಸಾಸರನ್ನಿಟ್ಟು, ಬೆಳಕನ್ನು ಬದಲಿಸುತ್ತ ಸಾವಿರಕ್ಕೂ ಮಿಕ್ಕಿ ಚಿತ್ರಗಳನ್ನು ತೆಗೆದರು. ಸಂಗೀತಗಾರನು ಸ್ವರಸಾಧನೆ ಮಾಡುವಂತೆ ಇದು ಬೆಳಕಿನ ಸಾಧನೆ. ಇನ್ನೊಮ್ಮೆ ಕೆಲವು ಹಣ್ಣುಗಳನ್ನು ಕಂಬಳಿಗಳ ಗುಡಾರದೊಳಗಿಟ್ಟು, ಅತಿ ಸಣ್ಣ ರಂಧ್ರದ ಮೂಲಕ 36 ಗಂಟೆಗಳ ಕಾಲ ಬೆಳಕು ಹಾಯಿಸಿ ಒಂದೇ ಚಿತ್ರ ತೆಗೆದರು. ಹಗಲಿನ ಶಾಖಕ್ಕೂ ಇರುಳಿನ ತಂಪಿಗೂ ಎಲ್ಲವೂ ಕೊಂಚ ಹಿಗ್ಗಿ ಕುಗ್ಗಿದುದರಿಂದ ಹಣ್ಣಿಗೆ ತೂಕವೂ ದುಂಡುತನವೂ ಬಂದಂತಾಯಿತು. ವಸ್ತುವನ್ನು ವಸ್ತುವಿನಂತೆಯೇ ತೋರಿಸುವುದು ಎಷ್ಟು ಕಷ್ಟವೆಂಬುದು ಅವರಿಗೆ ಮನದಟ್ಟಾಯಿತು. ಉತ್ಪನ್ನ ಛಾಯಾಗ್ರಹಣದ ಜೀವಾಳವೂ ಇದೇ.

ಪೇಟೆಗೆ ಬಂದ ಕಲೆ

1923ರಲ್ಲಿ ಕೊಂಡೆ ನಾಸ್ಟ್ ಸಂಸ್ಥೆ ವೋಗ್ ಮತ್ತು ವ್ಯಾನಿಟಿ ಫೇರ್ ಪತ್ರಿಕೆಗಳಿಗೆ ಅವರನ್ನು ಮುಖ್ಯ ಛಾಯಾಗ್ರಾಹಕರನ್ನಾಗಿ ನೇಮಿಸಿತು. ವಾರ್ಷಿಕ ಸಂಭಾವನೆ 35,000 ಡಾಲರ್. ಅಂದಿನ ದಿನಗಳಲ್ಲಿ ಇದು ಅಸಾಧಾರಣ ಮೊತ್ತ. ಅದರ ಜೊತೆಗೆ ಜೆ. ವಾಲ್ಟರ್ ಥಾಂಪ್ಸನ್ ಜಾಹೀರಾತು ಸಂಸ್ಥೆಯೊಡನೆಯೂ ಒಪ್ಪಂದವಾಯಿತು. ಕೈಗೆ ಹಚ್ಚುವ ಜರ್ಗೆನ್ಸ್ ಲೇಪನದ ಜಾಹೀರಾತಿಗೆ ಅವರು ತೆಗೆದದ್ದು ಸೀಸೆಯ ಚಿತ್ರವನ್ನಲ್ಲ, ಆಲೂಗಡ್ಡೆ ಸುಲಿಯುತ್ತಿರುವ ಹೆಣ್ಣಿನ ಕೈಗಳನ್ನು. ಕೈ ಕೆಸರಾದರೆ ಬಾಯಿ ಮೊಸರು ಎನ್ನುವ ನಾವು, ದುಡಿಯುವ ಕೈಗೂ ಚೆಲುವಿದೆ ಎಂಬ ಈ ಕಾಣ್ಕೆಯನ್ನು ಸುಲಭವಾಗಿ ಅರಿಯಬಲ್ಲೆವು.

ಸ್ಟೆಹ್ಲಿ ರೇಷ್ಮೆ ಕಂಪನಿಗಾಗಿ ಬೆಂಕಿಕಡ್ಡಿ, ಬೆಂಕಿಪೊಟ್ಟಣ, ಸಕ್ಕರೆ ಅಚ್ಚು, ನುಸಿಗುಳಿಗೆ ಮುಂತಾದ ಕ್ಷುದ್ರ ವಸ್ತುಗಳನ್ನು ಸಾಲಾಗಿ ಹರಡಿ, ಓರೆಬೆಳಕು ಬಿಟ್ಟು, ನೆರಳಿನಿಂದಲೇ ವಿನ್ಯಾಸಗಳನ್ನು ನೇಯ್ದರು. ಅವು ಬಟ್ಟೆಯ ಮೇಲೆ ಅಚ್ಚಾಗಿ ಹೆಂಗಸರ ಉಡುಪಾದವು. 1928ರಲ್ಲಿ ಡಗ್ಲಾಸ್ ಲೈಟರುಗಳ ಚಿತ್ರ ತೆಗೆದಾಗ ಅಂಗೈಯಗಲದ ಆ ವಸ್ತುಗಳು ನ್ಯೂಯಾರ್ಕಿನ ಗಗನಚುಂಬಿ ಸೌಧಗಳಂತೆ ತಲೆಯೆತ್ತಿ ನಿಂತವು. 1932ರ ಜುಲೈ ಸಂಚಿಕೆಯ ವೋಗ್ ಮುಖಪುಟದಲ್ಲಿ ಅವರ ವರ್ಣ ಛಾಯಾಚಿತ್ರ ಪ್ರಕಟವಾಯಿತು.

ಆಕ್ಷೇಪಗಳ ನಡುವೆ

ಇದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಯುದ್ಧಕಾಲದಲ್ಲೇ ಬಿರುಕುಬಿಟ್ಟಿದ್ದ ಸ್ಟೀಗ್ಲಿಟ್ಸ್ ಸ್ನೇಹ ಹಿಂದಿನಂತೆ ಕೂಡಿಕೊಳ್ಳಲಿಲ್ಲ. ಕಲೆಯನ್ನು ವ್ಯಾಪಾರಕ್ಕೆ ಒಪ್ಪಿಸಿದರೆಂಬ ನೋವು ಗುರುವಿಗೆ ಉಳಿಯಿತು. ಕಿರಿಯ ಛಾಯಾಗ್ರಾಹಕ ವಾಕರ್ ಎವಾನ್ಸ್ 1931ರಲ್ಲಿ ಕಟುವಾಗಿಯೇ ಟೀಕಿಸಿದರು. ಸ್ಟೈಕನ್ ಇದನ್ನು ಒಪ್ಪಲಿಲ್ಲ. ಹಿಂದಿನ ಮಹಾಕಲಾವಿದರೂ ಅರಸರಿಗಾಗಿ, ಮಠಗಳಿಗಾಗಿ ಸಂಭಾವನೆ ಪಡೆದೇ ದುಡಿದರು, ಹಣ ಪಡೆದ ಮಾತ್ರಕ್ಕೆ ಕೆಲಸ ಕೀಳಾಗದು ಎಂಬುದು ಅವರ ನಿಲುವು.

ಇದೇ ಕಾಲದಲ್ಲಿ ಒಂದು ವಿಚಿತ್ರ ಮೊಕದ್ದಮೆ ನಡೆಯಿತು. ಶಿಲ್ಪಿ ಬ್ರಾಂಕುಸಿಯ ಹಾರುವ ಹಕ್ಕಿಯನ್ನು ಸೂಚಿಸುವ ಕಂಚಿನ ಶಿಲ್ಪವನ್ನು ಸ್ಟೈಕನ್ ಕೊಂಡಿದ್ದರು. 1926ರಲ್ಲಿ ಅದು ಅಮೆರಿಕಕ್ಕೆ ಬಂದಾಗ ಸುಂಕದ ಅಧಿಕಾರಿಗಳು ಅದನ್ನು ಕಲಾಕೃತಿಯೆಂದು ಒಪ್ಪದೆ, ಅಡಿಗೆಮನೆ ಮತ್ತು ಆಸ್ಪತ್ರೆಯ ಸಲಕರಣೆಗಳ ಸಾಲಿಗೆ ಸೇರಿಸಿ ಶೇಕಡಾ 40 ಸುಂಕ ವಿಧಿಸಿದರು. ನ್ಯಾಯಾಲಯದಲ್ಲಿ ಸ್ಟೈಕನ್ ಸಾಕ್ಷಿ ನುಡಿದರು. 1928ರಲ್ಲಿ ಅದು ಕಲೆಯೇ ಎಂಬ ತೀರ್ಪು ಬಂದಿತು. ಪಾತ್ರೆಯನ್ನು ಕಲೆಯಾಗಿ ಕಂಡ ವ್ಯಕ್ತಿಯೇ, ಪಾತ್ರೆಯೆಂದು ಎಣಿಸಲ್ಪಟ್ಟ ಕಲೆಯ ಪರವಾಗಿ ಕಟಕಟೆಯಲ್ಲಿ ನಿಲ್ಲಬೇಕಾಯಿತು.

ಆದರೂ ಟೀಕೆಯಲ್ಲಿ ಹುರುಳಿರಲಿಲ್ಲವೆಂದು ನಾವು ಹೇಳಲಾರೆವು. ವರ್ಷಗಳು ಉರುಳಿದಂತೆ ಜಾಹೀರಾತುಗಳಲ್ಲಿ ವಸ್ತುವಿನ ಸತ್ಯಕ್ಕಿಂತ ಆಸೆ ಹುಟ್ಟಿಸುವ ಥಳುಕೇ ಹೆಚ್ಚಾಗುತ್ತಿರುವುದನ್ನು ಸ್ಟೈಕನ್ ಕೂಡ ಕಂಡುಕೊಂಡರು. ಆ ಕೆಲಸದಲ್ಲಿ ಉತ್ಸಾಹ ಬತ್ತಿ 1938ರಲ್ಲಿ ನ್ಯೂಯಾರ್ಕಿನ ಸ್ಟುಡಿಯೋವನ್ನು ಮುಚ್ಚಿದರು.

ಕೊನೆಯ ಅಧ್ಯಾಯ

ಎರಡನೆಯ ಮಹಾಯುದ್ಧದಲ್ಲಿ, ಅರವತ್ತು ದಾಟಿದ್ದರೂ, ನೌಕಾಪಡೆಯ ಛಾಯಾಗ್ರಾಹಕರ ತಂಡವನ್ನು ಮುನ್ನಡೆಸಿದರು. 1947ರಿಂದ 1962ರವರೆಗೆ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಛಾಯಾಗ್ರಹಣ ವಿಭಾಗಕ್ಕೆ ನಿರ್ದೇಶಕರಾಗಿದ್ದರು. 68 ದೇಶಗಳಿಂದ ಆಯ್ದ 503 ಚಿತ್ರಗಳ, ಮಾನವ ಕುಟುಂಬವೆಂಬ ಹೆಸರಿನ ಅವರ ಪ್ರದರ್ಶನ 1955ರಲ್ಲಿ ಆರಂಭವಾಗಿ ಜಗತ್ತನ್ನು ಸುತ್ತಿತು. 1956ರಲ್ಲಿ ಅದು ಮುಂಬಯಿಯ ಜಹಾಂಗೀರ್ ಕಲಾ ಗ್ಯಾಲರಿಗೂ ಬಂದಿತ್ತು. ಈಗ ಅದರ ನೆಲೆ ಅವರ ಜನ್ಮಭೂಮಿಯಾದ ಲಕ್ಸೆಂಬರ್ಗಿನ ಕ್ಲೆರ್ವೋ ಕೋಟೆ. 1973ರ ಮಾರ್ಚ್ 25ರಂದು, ತೊಂಬತ್ತನಾಲ್ಕನೆಯ ಹುಟ್ಟುಹಬ್ಬಕ್ಕೆ ಎರಡು ದಿನವಿರುವಾಗ, ಸ್ಟೈಕನ್ ಕಣ್ಮುಚ್ಚಿದರು.

ಹಗಲಿಡೀ ಕಚೇರಿಯಲ್ಲೋ ಕಾರ್ಖಾನೆಯಲ್ಲೋ ದುಡಿದು, ಸಂಜೆ ನಾಟಕ, ಸಂಗೀತ, ಯಕ್ಷಗಾನಕ್ಕೆ ಬಣ್ಣ ಹಚ್ಚಿದ ಹಿರಿಯರು ನಮ್ಮ ಮಹಾನಗರಗಳಲ್ಲಿ ಅನೇಕರಿದ್ದಾರೆ. ಅನ್ನದ ಕೆಲಸ ಬೇರೆ, ಮನಸ್ಸಿನ ಕೆಲಸ ಬೇರೆ ಎಂದು ಅವರು ಬದುಕನ್ನು ಎರಡಾಗಿ ಪಾಲುಮಾಡಿಕೊಂಡರು. ಅನ್ನದ ಕೆಲಸದೊಳಗೇ ಮನಸ್ಸನ್ನಿಡಲು ಯತ್ನಿಸಿದವರು ಸ್ಟೈಕನ್. ಅದು ಸಾಧ್ಯವಾದಷ್ಟು ಕಾಲ ಮಾಡಿ, ಸಾಧ್ಯವಾಗದಾದಾಗ ಬಿಟ್ಟು ಎದ್ದರು. ನಮ್ಮ ಮಕ್ಕಳಲ್ಲಿ ಯಾರಾದರೂ ಕ್ಯಾಮೆರಾ ಹಿಡಿದು ವೃತ್ತಿಗೆ ಇಳಿಯಬಯಸಿದರೆ, ಅದರಿಂದೇನು ಪ್ರಯೋಜನವೆಂದು ಕೇಳುವ ಮುನ್ನ, ಕೆಟ್ಟ ನಲವತ್ತೊಂಬತ್ತನ್ನು ಮರೆತು ಒಂದನ್ನು ಮೆಚ್ಚಿದ ಆ ತಾಯಿಯನ್ನು ನಾವು ಒಮ್ಮೆ ನೆನೆಯೋಣ.