ಸಂಖ್ಯೆಗಳ ಹಿಂದಿನ ಹೆಸರು ಹುಡುಕಿದ ಕ್ಲಾರಾ ಬಾರ್ಟನ್

ರೆಡ್ ಕ್ರಾಸ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಕಾಲೇಜಿನ ರಕ್ತದಾನ ಶಿಬಿರ. ಆ ಸಂಸ್ಥೆಯನ್ನು 1881ರಲ್ಲಿ ಅಮೆರಿಕದಲ್ಲಿ ಕಟ್ಟಿದವರು ಕ್ಲಾರಾ ಬಾರ್ಟನ್. ಅದಕ್ಕೂ 16 ವರ್ಷ ಮೊದಲು ಅವರು ಮಾಡಿದ ಇನ್ನೊಂದು ಕೆಲಸ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಅದು ಸತ್ತವರ ಹೆಸರು ಹುಡುಕುವ ಕೆಲಸ.

ಬಾರ್ಟನ್ ಹುಟ್ಟಿದ್ದು 1821ರ ಕ್ರಿಸ್‌ಮಸ್ ದಿನ, ಮ್ಯಾಸಚೂಸೆಟ್ಸ್‌ನಲ್ಲಿ. ಮೊದಲು ಶಿಕ್ಷಕಿಯಾಗಿದ್ದರು. ನ್ಯೂಜೆರ್ಸಿಯಲ್ಲಿ ಒಂದು ಉಚಿತ ಶಾಲೆ ಶುರು ಮಾಡಿ ಬೆಳೆಸಿದರು. ಶಾಲೆ ದೊಡ್ಡದಾದ ಮೇಲೆ ಆಡಳಿತದವರು ಹೆಚ್ಚು ಸಂಬಳ ಕೊಟ್ಟು ಒಬ್ಬ ಗಂಡಸನ್ನು ತಂದು ಮುಖ್ಯಸ್ಥನ ಕುರ್ಚಿಯಲ್ಲಿ ಕೂರಿಸಿದರು. ಬಾರ್ಟನ್ ಕೆಲಸ ಬಿಟ್ಟು ವಾಷಿಂಗ್ಟನ್ನಿನ ಪೇಟೆಂಟ್ ಕಚೇರಿಯಲ್ಲಿ ಗುಮಾಸ್ತೆಯಾದರು. ದಾಖಲೆಗಳನ್ನು ತಪ್ಪಿಲ್ಲದೆ ನಕಲು ಮಾಡೋದು ಅಲ್ಲಿಯ ಕೆಲಸ.

1861ರಲ್ಲಿ ಗುಲಾಮಗಿರಿಯ ಪ್ರಶ್ನೆಯ ಮೇಲೆ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾಯಿತು. ಬಾರ್ಟನ್ ಔಷಧಿ, ಬಟ್ಟೆ, ಆಹಾರ ತುಂಬಿಕೊಂಡು ನೇರ ರಣರಂಗಕ್ಕೇ ಹೋದರು. 1862ರ ಸೆಪ್ಟೆಂಬರಿನಲ್ಲಿ ಆ್ಯಂಟೀಟಮ್ ಕದನದಲ್ಲಿ ಒಂದು ಗುಂಡು ಅವರ ತೋಳಿನ ಬಟ್ಟೆ ಸೀಳಿಕೊಂಡು ಹೋಗಿ, ಅವರು ಆರೈಕೆ ಮಾಡುತ್ತಿದ್ದ ಸೈನಿಕನನ್ನೇ ಕೊಂದಿತು.

ಆದರೆ ಈ ಯುದ್ಧದಲ್ಲಿ ಜನ ಸತ್ತದ್ದು ಬರೀ ಗುಂಡಿನಿಂದಲ್ಲ. ದಕ್ಷಿಣದವರು ಸೆರೆಸಿಕ್ಕ ಕಪ್ಪು ಸೈನಿಕರನ್ನು ಬಿಳಿಯರಿಗೆ ಸಮನಾಗಿ ಕಾಣಲು ಒಪ್ಪದೇ ಇದ್ದಾಗ ಕೈದಿಗಳ ವಿನಿಮಯ ನಿಂತುಹೋಯಿತು. ಎರಡೂ ಕಡೆ ಸೆರೆ ಶಿಬಿರಗಳು ತುಂಬಿ ತುಳುಕಿದವು. 1864ರಲ್ಲಿ ಜಾರ್ಜಿಯಾದ ಆ್ಯಂಡರ್ಸನ್‌ವಿಲ್‌ನಲ್ಲಿ ದಕ್ಷಿಣದವರು ತೆರೆದ ಶಿಬಿರವನ್ನೇ ನೋಡಿ. ಸುಮಾರು 10 ಸಾವಿರ ಜನರಿಗೆಂದು ಹಾಕಿದ ಮರದ ದಿಮ್ಮಿಗಳ ಬೇಲಿಯೊಳಗೆ ಆಗಸ್ಟ್ ಹೊತ್ತಿಗೆ 32 ಸಾವಿರಕ್ಕೂ ಹೆಚ್ಚು ಜನ. ತಲೆಯ ಮೇಲೆ ಸೂರಿಲ್ಲ. ಕುಡಿಯೋಕೂ ತೊಳೆಯೋಕೂ ಇದ್ದದ್ದು ಒಂದೇ ತೊರೆ. ಕಾವಲುಗಾರರ ಬಿಡಾರದ ಹೊಲಸು ಮೇಲಿನಿಂದಲೇ ಅದಕ್ಕೆ ಸೇರಿ ಬರುತ್ತಿತ್ತು. ಬೇಲಿಯ ಒಳಗಡೆ ಒಂದು ಗಡಿ, ಅದನ್ನು ದಾಟಿದರೆ ಗುಂಡು. 14 ತಿಂಗಳಲ್ಲಿ ಸುಮಾರು 13 ಸಾವಿರ ಕೈದಿಗಳು ಭೇದಿ, ಸ್ಕರ್ವಿ, ಹಸಿವಿನಿಂದ ಸತ್ತರು. ಉತ್ತರದವರೇನೂ ಸಾಚಾಗಳಲ್ಲ. ಅವರ ಎಲ್ಮೈರಾ ಶಿಬಿರದಲ್ಲಿ ಸುಮಾರು 12 ಸಾವಿರ ಕೈದಿಗಳಲ್ಲಿ ಹೆಚ್ಚುಕಡಿಮೆ 3 ಸಾವಿರ ಜನ ಸತ್ತರು.

1865ರಲ್ಲಿ ಬಾರ್ಟನ್ ಕಾಣೆಯಾದ ಸೈನಿಕರನ್ನು ಹುಡುಕುವ ಕಚೇರಿ ತೆರೆದರು. ಮನೆಮನೆಯಿಂದ ಕಾಗದಗಳು ಬಂದವು. ಹೀಗೆ ಬಂದ ಒಂದು ಕಾಗದ ಡೊರೆನ್ಸ್ ಆಟ್‌ವಾಟರ್ ಎಂಬ ಹುಡುಗನದು. ಆ್ಯಂಡರ್ಸನ್‌ವಿಲ್‌ನಲ್ಲಿ ಕೈದಿಯಾಗಿದ್ದ ಅವನಿಗೆ ಸಾವಿನ ಲೆಕ್ಕ ಬರೆಯುವ ಕೆಲಸ ಕೊಟ್ಟಿದ್ದರು. ಈ ಲೆಕ್ಕ ಸತ್ತವರ ಮನೆಯವರಿಗೆ ಮುಟ್ಟೋದೇ ಇಲ್ಲ ಅಂತ ಅನಿಸಿ ಅವನು ಗುಟ್ಟಾಗಿ ಇನ್ನೊಂದು ಪ್ರತಿ ಬರೆದಿಟ್ಟುಕೊಂಡು, ಅದನ್ನು ಅಡಗಿಸಿ ಹೊರಗೆ ತಂದಿದ್ದ.

ಶಿಬಿರದಲ್ಲಿ ಹೆಣಗಳನ್ನು ಸಾಲಾಗಿ ಹೂತು, ಒಂದೊಂದರ ತಲೆಯ ಬಳಿ ಸಂಖ್ಯೆ ಬರೆದ ಗೂಟ ನೆಟ್ಟಿದ್ದರು. ಪಟ್ಟಿ ಇಲ್ದೇ ಹೋದರೆ ಆ ಸಂಖ್ಯೆಗಳಿಗೆ ಅರ್ಥವೇ ಇಲ್ಲ. 1865ರ ಬೇಸಿಗೆಯಲ್ಲಿ ಬಾರ್ಟನ್, ಆಟ್‌ವಾಟರ್ ಮತ್ತು ಸೇನೆಯ ಒಂದು ತಂಡ ಅಲ್ಲಿಗೆ ಹೋಯಿತು. ಸಂಖ್ಯೆಗೆ ಹೆಸರು ಹೊಂದಿಸುತ್ತಾ, ಗೋರಿ ಗೋರಿಗೂ ಹೊಸ ಹಲಗೆ ನೆಟ್ಟರು. ಕೊನೆಗೆ ಗುರುತು ಸಿಗದೇ ಉಳಿದದ್ದು ಸುಮಾರು 460 ಮಾತ್ರ.

ಆಟ್‌ವಾಟರ್‌ಗೆ ಸಿಕ್ಕ ಬಹುಮಾನ ಏನು ಗೊತ್ತಾ? ಪಟ್ಟಿ ಸತ್ತವರ ಮನೆಯವರಿಗೆ ಸೇರಬೇಕು ಅಂತ ಅವನು, ಸರ್ಕಾರದ ಸ್ವತ್ತು ಅಂತ ಸೇನಾ ಇಲಾಖೆ. ಕಳ್ಳತನದ ಆರೋಪ ಹೊರಿಸಿ ಅವನನ್ನು ಮತ್ತೆ ಜೈಲಿಗೆ ಹಾಕಿದರು, ಈ ಸಲ ಅವನದೇ ಕಡೆಯವರು. ಬಾರ್ಟನ್ ಅವನ ಕೈಬಿಡಲಿಲ್ಲ. ಸುಮಾರು ಎರಡು ತಿಂಗಳಿಗೆ ಅವನು ಹೊರಬಂದ. 1866ರಲ್ಲಿ ಪಟ್ಟಿ ಅಚ್ಚಾಯಿತು.

ಬಾರ್ಟನ್ ಕಚೇರಿ ಮುಚ್ಚುವ ಹೊತ್ತಿಗೆ ಬಂದಿದ್ದ ಕಾಗದಗಳು 63 ಸಾವಿರಕ್ಕೂ ಹೆಚ್ಚು, ಸುಳಿವು ಸಿಕ್ಕವರು 22 ಸಾವಿರ. 1912ರಲ್ಲಿ, 90ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ನಾವು ದಿನವೂ ಡೇಟಾ, ಟೇಬಲ್, ಎಂಟ್ರಿ ಅಂತ ಮಾತಾಡ್ತೀವಿ. ಒಂದು ಸಾಲು ತಪ್ಪಾದರೆ ನಮಗೆ ಹೋಗೋದು ಒಂದೆರಡು ಅಂಕ. ಬಾರ್ಟನ್ ಕೈಯಲ್ಲಿದ್ದ ಪಟ್ಟಿಯಲ್ಲಿ ಒಂದು ಸಾಲು ತಪ್ಪಿದ್ದರೆ, ಯಾವುದೋ ಊರಿನಲ್ಲಿ ಒಬ್ಬ ತಾಯಿ ಸಾಯುವ ತನಕ ಬಾಗಿಲು ನೋಡುತ್ತಾ ಕೂತಿರುತ್ತಿದ್ದಳು.