ಸೇವಾಕ್ಷೇತ್ರವನ್ನರಸಿದ ಸಂತ ಜೋಸೆಫ್ ವಾಜ್

ದೇವರು ತನ್ನ ಸೇವಕನನ್ನು ಕರೆಯುವುದು ಒಂದು. ಕರೆದವನನ್ನು ಎಲ್ಲಿ ನಿಲ್ಲಿಸುವನೆಂಬುದು ಮತ್ತೊಂದು. ಗುರುದೀಕ್ಷೆ ಪಡೆದ ಬಳಿಕ ಸುಮಾರು ಹತ್ತು ವರ್ಷಗಳ ಕಾಲ ಈ ಎರಡನೆಯದಕ್ಕಾಗಿ ಕಾದವರು ಸಂತ ಜೋಸೆಫ್ ವಾಜ್. ಅವುಗಳಲ್ಲಿ ಮೂರು ವರ್ಷಗಳನ್ನು ಅವರು ಕನ್ನಡ ಕರಾವಳಿಯಲ್ಲಿ ಕಳೆದದ್ದು ನಮ್ಮ ಹಿರಿಯರ ಭಾಗ್ಯ.

1651ನೆಯ ಇಸವಿ ಏಪ್ರಿಲ್ 21ರಂದು ಗೋವೆಯ ಬಾಣಾವಲಿಯಲ್ಲಿ, ಕೊಂಕಣಿ ಮನೆಮಾತಿನ ಕುಟುಂಬವೊಂದರಲ್ಲಿ ಅವರ ಜನನವಾಯಿತು. ತಂದೆಯವರ ಊರು ಸಾಂಕವಾಳ. 1676ರಲ್ಲಿ ಗುರುದೀಕ್ಷೆಯಾಯಿತು. ಅಂದಿನಿಂದ ಅವರು ಬಡವರಂತೆ ಬರಿಗಾಲಿನಲ್ಲಿಯೇ ನಡೆದರು. ಮರುವರ್ಷ ಆಗಸ್ಟ್ 5ರಂದು ತಮ್ಮನ್ನು ಮಾತೆ ಮರಿಯಮ್ಮನವರ ಗುಲಾಮನೆಂದು ಪತ್ರ ಬರೆದು ಒಪ್ಪಿಸಿಕೊಂಡರು. ಆಗ ಯುರೋಪಿನ ಸನ್ಯಾಸಸಭೆಗಳ ಬಾಗಿಲು ಗೋವೆಯ ದೇಶೀಯ ಗುರುಗಳಿಗೆ ಬಹುಮಟ್ಟಿಗೆ ಮುಚ್ಚಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಭಕ್ತಿ ಇತ್ತು, ವಿದ್ಯೆ ಇತ್ತು, ನಿಲ್ಲಲು ನೆಲೆಯಿರಲಿಲ್ಲ.

ಇತ್ತ ಸಿಂಹಳ ದ್ವೀಪದಿಂದ ದುಃಖದ ವಾರ್ತೆ ಬರುತ್ತಿತ್ತು. 1658ರಲ್ಲಿ ಡಚ್ಚರು ಜಾಫ್ನಾವನ್ನು ವಶಪಡಿಸಿಕೊಂಡು ಕಥೋಲಿಕ ಗುರುಗಳನ್ನು ಹೊರದೂಡಿದ್ದರು. ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಒಂದು ತಲೆಮಾರು ಗುರುವಿನ ಮುಖವನ್ನೇ ಕಾಣದೆ ಬೆಳೆಯಿತು. ತಾವು ಅಲ್ಲಿಗೆ ಹೋಗುವುದಾಗಿ ವಾಜ್‌ರವರು ಬಿನ್ನವಿಸಿಕೊಂಡರು. ಆದರೆ 1681ರಲ್ಲಿ ಮೇಲಧಿಕಾರಿಗಳು ಅವರನ್ನು ನೇಮಿಸಿದ್ದು ಕೆನರಾ ಸೀಮೆಗೆ.

ಆಗ ಕರಾವಳಿಯು ಕೆಳದಿಯ ರಾಣಿ ಚೆನ್ನಮ್ಮಾಜಿಯವರ ಆಳ್ವಿಕೆಯಲ್ಲಿತ್ತು. ಗುರುಗಳು ವಿರಳ, ಇದ್ದ ಕ್ರೈಸ್ತರಲ್ಲಿಯೂ ಒಡಕು. ಗೋವೆಯ ಅಧಿಕಾರವನ್ನು ಒಪ್ಪುವವರು ಒಂದು ಕಡೆ, ರೋಮಾಪುರಿಯಿಂದ ನೇಮಕಗೊಂಡ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೋರವರನ್ನು ಒಪ್ಪುವವರು ಇನ್ನೊಂದು ಕಡೆ. ಯಾರ ಕೈಯಿಂದ ಪಡೆದ ಸಂಸ್ಕಾರ ಸಿಂಧುವೆಂಬ ಸಂಶಯದಲ್ಲಿ ಬಡ ಭಕ್ತರು ನಲುಗುತ್ತಿದ್ದರು. ತಮ್ಮನ್ನು ಕಳುಹಿಸಿದವರಿಗೆ ವಿಧೇಯರಾಗಿದ್ದುಕೊಂಡೇ ಧರ್ಮಾಧ್ಯಕ್ಷರ ಗೌರವಕ್ಕೆ ಕುಂದು ಬಾರದಂತೆ ನಡೆಯುವುದು ಸುಲಭದ ಕೆಲಸವಾಗಿರಲಿಲ್ಲ. ವಾಜ್‌ರವರು ವಾದಕ್ಕಿಂತ ವಿನಯವನ್ನೇ ನೆಚ್ಚಿದರು. ಮಂಗಳೂರು, ಬಸರೂರು, ಗಂಗೊಳ್ಳಿ, ಕಲ್ಯಾಣಪುರಗಳ ನಡುವೆ ಸಂಚರಿಸಿ ಚರ್ಚುಗಳನ್ನೂ ಶಾಲೆಗಳನ್ನೂ ಎತ್ತಿ ನಿಲ್ಲಿಸಿದರು. ಮುಡಿಪುವಿನ ಬೆಟ್ಟದಲ್ಲಿ ಇಂದಿಗೂ ಜನರು ಅವರ ಹೆಸರಿನಲ್ಲಿ ಪ್ರಾರ್ಥಿಸುತ್ತಾರೆ. ಕೆಲವರು ಈ ಮೂರು ವರ್ಷಗಳನ್ನು ಸಿಂಹಳದ ಕಾರ್ಯಕ್ಕೆ ಕೇವಲ ಪೀಠಿಕೆಯೆಂದು ಎಣಿಸುತ್ತಾರೆ, ನಾನು ಅದನ್ನೊಪ್ಪೆನು. ಅನ್ಯರಾಜ್ಯದಲ್ಲಿ ಆಸರೆಯಿಲ್ಲದ ಚದುರಿದ ಮಂದೆಯನ್ನು ಕಾಯುವ ಬಗೆಯನ್ನು ಅವರು ಮೊದಲು ಅಭ್ಯಸಿಸಿದ್ದು ಇಲ್ಲಿಯೇ.

1684ರಲ್ಲಿ ಗೋವೆಗೆ ಮರಳಿ, ಮರುವರ್ಷ ದೇಶೀಯ ಗುರುಗಳ ಒರಟೋರಿಯನ್ ಸಂಘವನ್ನು ಸೇರಿ, ಅದರ ಹಿರಿಯರಾದರು. ಅಲ್ಲಿಯೂ ಮನಸ್ಸು ನಿಲ್ಲಲಿಲ್ಲ. 1686ರಲ್ಲಿ ಹಿರಿತನವನ್ನು ತೊರೆದು, ಜಾನ್ ಎಂಬ ಸೇವಕನೊಡನೆ ದಕ್ಷಿಣಕ್ಕೆ ನಡೆದರು. 1687ರಲ್ಲಿ ಕೂಲಿಯಾಳಿನ ವೇಷದಲ್ಲಿ ಜಾಫ್ನಾ ತಲುಪಿದಾಗ ರೋಗದಿಂದ ಬಳಲಿ ಸಾವಿನ ಬಾಗಿಲಲ್ಲಿದ್ದರು. ಚೇತರಿಸಿಕೊಂಡ ಬಳಿಕ ಕೊರಳಲ್ಲಿ ಜಪಮಾಲೆ ಧರಿಸಿ ಮನೆಮನೆಗೆ ಭಿಕ್ಷೆಗೆ ಹೋದರು. ಅದನ್ನು ಕಂಡು ಯಾರ ಕಣ್ಣು ಅರಳೀತೆಂಬುದೇ ಅವರು ಅರಸಿದ ಭಿಕ್ಷೆ. ಹೀಗೆ ಗುಪ್ತ ಕ್ರೈಸ್ತರು ಒಬ್ಬೊಬ್ಬರಾಗಿ ದೊರೆತರು. ಬಲಿಪೂಜೆಯು ರಾತ್ರಿ ವೇಳೆಯಲ್ಲಿ ನಡೆಯುತ್ತಿತ್ತು.

1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂಬ ಆರೋಪ ಹೊತ್ತು ಸೆರೆಯಾದರು. ಸೆರೆಯಲ್ಲಿಯೇ ಸಿಂಹಳ ಭಾಷೆಯನ್ನು ಕಲಿತರು. ಬರಗಾಲದಲ್ಲಿ ಅವರು ಪ್ರಾರ್ಥಿಸಲು ಮಳೆ ಸುರಿಯಿತೆಂದು ಹಿಂದಿನಿಂದ ಬಂದ ಮಾತು. ಅನಂತರ ಬೌದ್ಧ ದೊರೆ ಎರಡನೆಯ ವಿಮಲಧರ್ಮಸೂರ್ಯನು ಅವರಿಗೆ ರಕ್ಷಣೆಯನ್ನಿತ್ತನು.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ಅರಮನೆಯವರು ಊರು ಬಿಟ್ಟರು. ರೋಗಿಗಳನ್ನು ಸ್ವಂತ ಮನೆಯವರೇ ಕಾಡಿಗೆ ಅಟ್ಟಿದರು. ವಾಜ್‌ರವರು ಗೋವೆಯಿಂದ ಬಂದಿದ್ದ ಸೋದರಳಿಯ ಜೋಸೆಫ್ ಕಾರ್ವಾಲ್ಹೋರೊಡನೆ ಕಾಡು ಹೊಕ್ಕು ಗುಡಿಸಲು ಕಟ್ಟಿದರು. ಹುಣ್ಣು ತೊಳೆದರು, ಗಂಜಿ ಕುಡಿಸಿದರು, ಸತ್ತವರಿಗೆ ಗುಂಡಿ ತೋಡಿದರು. ಬೌದ್ಧರೆಂದೂ ಕ್ರೈಸ್ತರೆಂದೂ ಭೇದವೆಣಿಸಲಿಲ್ಲ. ಹಿಂದೆ ಇವರನ್ನು ಗೂಢಚಾರನೆಂದು ಶಂಕಿಸಿದ ನಗರವೇ ಈಗ ಇವರ ಕೈಯಿಂದ ನೀರು ಕುಡಿಯಿತು.

ಮುಂದೆ ಧರ್ಮಾಧ್ಯಕ್ಷ ಪದವಿಯು ತಾನಾಗಿ ಬಂದಾಗ ಅದನ್ನು ಒಲ್ಲೆನೆಂದರು. 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವಿಸ್‌ರವರು ಸಿಂಹಳ ಮತ್ತು ತಮಿಳು ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿ ಆ ಕಾರ್ಯವನ್ನು ಬೆಳೆಸಿದರು. ಇಪ್ಪತ್ತನಾಲ್ಕು ವರ್ಷಗಳಲ್ಲಿ ವಾಜ್‌ರವರು ಒಮ್ಮೆಯೂ ಹುಟ್ಟೂರಿಗೆ ಮರಳಲಿಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ದೈವಾಧೀನರಾದರು.

1995ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಅವರನ್ನು ಪುನೀತರೆಂದೂ, 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸರು ಸಂತರೆಂದೂ ಘೋಷಿಸಿದರು. ಎರಡೂ ಸಮಾರಂಭಗಳು ನಡೆದದ್ದು ಕೊಲಂಬೊ ನಗರದಲ್ಲಿ. ಅವರ ಸಮಾಧಿಯ ಸ್ಥಳವು ಮಾತ್ರ ಕ್ಯಾಂಡಿಯಲ್ಲಿ ಇಂದು ಯಾರಿಗೂ ತಿಳಿಯದು.