ಮೈಕೇಲ್ ಫ್ಯಾರಡೆಯೂ ಮೋಟಾರಿನ ಕಿಡಿಯೂ

ಮಳೆಗಾಲವು ಬಲಿತ ಮೇಲೆ ನಮ್ಮ ಪುಣೆ ನಗರದಲ್ಲಿ ಬೆಳಗಿನ ಹೊತ್ತು ಒಂದು ನೋಟವು ಆಗಾಗ ಕಣ್ಣಿಗೆ ಬೀಳುತ್ತದೆ. ನಿನ್ನೆಯವರೆಗೆ ಸುಗಮವಾಗಿ ಓಡಿದ ಕಾರು ಇಂದು ಕುಲುಕುತ್ತದೆ, ಕೆಮ್ಮುತ್ತದೆ, ಸಣ್ಣ ಏರಿನಲ್ಲಿಯೇ ಸೋತು ನಿಲ್ಲುತ್ತದೆ. ಮೆಕ್ಯಾನಿಕನು ಬಂದು ಬಾನೆಟ್ಟನ್ನೆತ್ತಿ, ಸ್ಪಾರ್ಕ್ ಪ್ಲಗ್ಗಿನ ಮೇಲೆ ಕುಳಿತಿರುವ ಕಪ್ಪು ಬಣ್ಣದ ಒಂದು ಸಣ್ಣ ವಸ್ತುವನ್ನು ಹೊರತೆಗೆದು, ಒರೆಸಿ ನೋಡಿ, ಕಾಯಿಲ್ ಕೆಟ್ಟಿತೆಂದು ಹೇಳುತ್ತಾನೆ. ಇಗ್ನಿಷನ್ ಕಾಯಿಲ್ ಎಂದರೆ ಕಿಡಿ ಹೊತ್ತಿಸುವ ಸುರುಳಿ. ಒಂದೇ ಕಬ್ಬಿಣದ ತಿರುಳಿನ ಸುತ್ತ ಎರಡು ತಾಮ್ರದ ಸುರುಳಿಗಳು. ದಪ್ಪ ತಂತಿಯದು ಕೆಲವು ನೂರು ಸುತ್ತು, ಕೂದಲಿನಂತಹ ತಂತಿಯದು ಹಲವು ಸಾವಿರ ಸುತ್ತು. ಬ್ಯಾಟರಿಯಿಂದ ಬರುವ 12 ವೋಲ್ಟು ಇದರಲ್ಲಿ 20,000 ವೋಲ್ಟಿಗೂ ಮಿಗಿಲಾಗಿ ಪರಿಣಮಿಸಿ, ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗಿ ಹಾರುತ್ತದೆ. ಈ ಸುರುಳಿಯ ವಂಶಾವಳಿಯನ್ನು ಅರಸುತ್ತ ಹಿಂದೆ ಹಿಂದೆ ನಡೆದರೆ ನಾವು ಲಂಡನ್ನಿನ ಒಬ್ಬ ಬಡ ಕಮ್ಮಾರನ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತೇವೆ.

ಆ ಮನೆಯಲ್ಲಿ 1791ನೆಯ ಇಸವಿ ಸೆಪ್ಟೆಂಬರ್ 22ರಂದು ಮೈಕೇಲ್ ಫ್ಯಾರಡೆಯು ಜನಿಸಿದನು. ತಂದೆ ಜೇಮ್ಸನು ರೋಗಪೀಡಿತನಾಗಿದ್ದುದರಿಂದ ಕುಲುಮೆಯ ಕೆಲಸವು ಸರಿಯಾಗಿ ನಡೆಯುತ್ತಿರಲಿಲ್ಲ. ಧಾನ್ಯದ ಬೆಲೆಯು ಗಗನಕ್ಕೇರಿದ್ದ 1801ರಲ್ಲಿ ಬಾಲಕನಿಗೆ ಇಡೀ ವಾರಕ್ಕೆ ಒಂದೇ ಒಂದು ರೊಟ್ಟಿಯು ದೊರೆಯುತ್ತಿತ್ತೆಂದು ಹೇಳುತ್ತಾರೆ. ಓದು ಬರಹ, ಸ್ವಲ್ಪ ಲೆಕ್ಕ, ಇಷ್ಟೇ ಆತನ ಶಾಲಾ ವಿದ್ಯೆ. ಹದಿಮೂರರ ಪ್ರಾಯದಲ್ಲಿ ರಿಬೋ ಎಂಬ ಪುಸ್ತಕವ್ಯಾಪಾರಿಯ ಅಂಗಡಿಯಲ್ಲಿ ಓಡಾಟದ ಹುಡುಗನಾಗಿ ಸೇರಿ, ಮರುವರ್ಷ ಅಲ್ಲಿಯೇ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸಕ್ಕೆ ನಿಂತನು. ಏಳು ವರ್ಷಗಳ ಉಮೇದುವಾರಿಕೆ. ಹಾಳೆಗಳನ್ನು ಮಡಿಸುವುದು, ನೂಲಿನಿಂದ ಹೊಲಿಯುವುದು, ಅಂಟು ಬಳಿಯುವುದು, ಬಟ್ಟೆಯನ್ನೂ ಚರ್ಮವನ್ನೂ ಬಿಗಿಯಾಗಿ ಸುತ್ತಿ ಮೂಲೆಗಳನ್ನು ಮುಚ್ಚುವುದು. ಈ ಕೈಕೆಲಸವನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಸಂಗ ಬರುತ್ತದೆ.

ಕಟ್ಟಲು ಬಂದ ಪುಸ್ತಕಗಳನ್ನು ಆತನು ಓದದೆ ಬಿಡಲಿಲ್ಲ. ವಿಶ್ವಕೋಶವೊಂದರಲ್ಲಿ ವಿದ್ಯುತ್ತನ್ನು ಕುರಿತಿದ್ದ ಲೇಖನವು ಆತನ ಮನಸ್ಸನ್ನು ಸೆರೆಹಿಡಿಯಿತು. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬನ ದಯೆಯಿಂದ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿ ಎಂಬ ಪ್ರಸಿದ್ಧ ರಸಾಯನಶಾಸ್ತ್ರಜ್ಞನ ನಾಲ್ಕು ಉಪನ್ಯಾಸಗಳನ್ನು ಕೇಳುವ ಅವಕಾಶವೊದಗಿತು. ಕೇಳಿದ್ದನ್ನೆಲ್ಲ ಚಿತ್ರಸಹಿತವಾಗಿ ಬರೆದು, ತಾನೇ ಅಂದವಾಗಿ ರಟ್ಟು ಕಟ್ಟಿ, ಆ ಗ್ರಂಥವನ್ನು ಡೇವಿಗೆ ಕಳುಹಿಸಿ ಕೆಲಸವನ್ನು ಬೇಡಿದನು. 1813ರ ಮಾರ್ಚಿಯಲ್ಲಿ ವಾರಕ್ಕೆ 25 ಶಿಲಿಂಗಿನ ಸಂಬಳದ ಮೇಲೆ ಪ್ರಯೋಗಶಾಲೆಯ ಸಹಾಯಕನಾದನು. ಅದೇ ವರ್ಷ ಡೇವಿ ದಂಪತಿಗಳೊಡನೆ ಯೂರೋಪಿನ ಪ್ರವಾಸಕ್ಕೆ ಹೋದಾಗ, ಡೇವಿಯ ಪತ್ನಿಯು ಈತನನ್ನು ಮನೆಯಾಳಿನಂತೆ ನಡೆಸಿಕೊಂಡಳು. 1824ರಲ್ಲಿ ರಾಯಲ್ ಸೊಸೈಟಿಗೆ ಈತನ ಹೆಸರು ಬಂದಾಗ, ಅಧ್ಯಕ್ಷನಾಗಿದ್ದ ಡೇವಿಯೇ ವಿರೋಧಿಸಿದನು, ಆದರೂ ಆಯ್ಕೆಯಾಯಿತು. ಈ ನೋವುಗಳನ್ನು ಫ್ಯಾರಡೆಯು ಬೆಳೆಸಲಿಲ್ಲ. 1821ರಲ್ಲಿ ಸಾರಾ ಬರ್ನಾರ್ಡಳನ್ನು ವಿವಾಹವಾಗಿ, ಆ ಸಂಸ್ಥೆಯ ಮಹಡಿಯ ಕೋಣೆಗಳಲ್ಲಿಯೇ ಬಹುಕಾಲ ಸಂಸಾರ ನಡೆಸಿದನು.

ಇನ್ನು ಆತನ ಮುಖ್ಯ ಸಾಧನೆಗೆ ಬರೋಣ. ತಂತಿಯಲ್ಲಿ ವಿದ್ಯುತ್ತು ಹರಿದರೆ ಅದರ ಬಳಿಯ ಕಾಂತಸೂಜಿಯು ತಿರುಗುವುದೆಂಬುದು 1820ರಲ್ಲಿ ಗೊತ್ತಾಗಿತ್ತು. ವಿದ್ಯುತ್ತಿನಿಂದ ಕಾಂತಶಕ್ತಿಯು ಹುಟ್ಟುವುದಾದರೆ ಕಾಂತಶಕ್ತಿಯಿಂದ ವಿದ್ಯುತ್ತು ಹುಟ್ಟಬೇಡವೇ? ಹಲವು ವರ್ಷ ಈ ಪ್ರಶ್ನೆಯು ಫ್ಯಾರಡೆಯನ್ನು ಕಾಡಿತು. 1831ರ ಆಗಸ್ಟ್ 29ರಂದು ಉತ್ತರವು ದೊರೆಯಿತು. ಆತನು ಮೆದುಕಬ್ಬಿಣದ ಒಂದು ಉಂಗುರವನ್ನು ಮಾಡಿಸಿದ್ದನು. ಅಗಲ 6 ಅಂಗುಲ, ದಪ್ಪ ಒಂದು ಅಂಗುಲಕ್ಕೂ ಕಡಿಮೆ. ಅದರ ಒಂದು ಪಾರ್ಶ್ವಕ್ಕೆ ತಲಾ 24 ಅಡಿಯ ಮೂರು ತುಂಡು ತಾಮ್ರದ ತಂತಿಯನ್ನು ಸುತ್ತಿದನು. ಇನ್ನೊಂದು ಪಾರ್ಶ್ವಕ್ಕೆ ಎರಡು ತುಂಡುಗಳಲ್ಲಿ ಸುಮಾರು 60 ಅಡಿ. ಆ ಕಾಲದಲ್ಲಿ ಇಂದಿನಂತೆ ಹೊದಿಕೆಯ ತಂತಿಯು ಸುಲಭವಾಗಿ ದೊರೆಯುತ್ತಿರಲಿಲ್ಲ. ಬರಿಯ ತಂತಿಗಳು ಒಂದನ್ನೊಂದು ಮುಟ್ಟಿದರೆ ವಿದ್ಯುತ್ತು ಸುತ್ತುಗಳನ್ನೆಲ್ಲ ಬಿಟ್ಟು ಅಡ್ಡದಾರಿ ಹಿಡಿಯುವುದು. ಆದುದರಿಂದ ಸುತ್ತಿಗೂ ಸುತ್ತಿಗೂ ನಡುವೆ ನೂಲಿನ ಹುರಿಯನ್ನೂ, ಪದರಕ್ಕೂ ಪದರಕ್ಕೂ ನಡುವೆ ಹತ್ತಿಯ ಬಟ್ಟೆಯನ್ನೂ ಇಟ್ಟು ಸುತ್ತಿದನು. ಆ ಬಟ್ಟೆಗೆ ಕ್ಯಾಲಿಕೊ ಎಂದು ಹೆಸರು. ಹೆಸರಾದರೋ ನಮ್ಮ ಪಶ್ಚಿಮ ಕರಾವಳಿಯ ಕಲ್ಲಿಕೋಟೆಯಿಂದ ಹೋದದ್ದು! ನೂಲು, ಬಟ್ಟೆ, ಬಿಗಿಯಾದ ಕಟ್ಟು: ಇವು ರಿಬೋನ ಅಂಗಡಿಯಲ್ಲಿ ಪಳಗಿದ ಕೈಗಳಿಗೆ ಸಹಜವಾಗಿ ಒಲಿದಿರಬೇಕೆಂದು ನಮಗೆ ತೋರುತ್ತದೆ.

ಒಂದು ಸುರುಳಿಗೆ ಬ್ಯಾಟರಿಯನ್ನು ಜೋಡಿಸಿದ ಕ್ಷಣ, ಎರಡನೆಯ ಸುರುಳಿಗೆ ಸೇರಿದ ತಂತಿಯ ಬಳಿಯಿದ್ದ ಸೂಜಿಯು ಅದಿರಿ ಮತ್ತೆ ಸ್ತಬ್ಧವಾಯಿತು. ಬ್ಯಾಟರಿಯನ್ನು ಬಿಡಿಸಿದಾಗ ಮತ್ತೊಮ್ಮೆ ಅದಿರಿತು. ಪ್ರವಾಹವು ಒಂದೇ ಸಮನೆ ಹರಿಯುತ್ತಿರುವಾಗ ಏನೂ ಇಲ್ಲ. ಅದು ಬದಲಾಗುವ ಕ್ಷಣದಲ್ಲಿ ಮಾತ್ರ ಎರಡನೆಯ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಮೋಟಾರಿನ ಕಾಯಿಲಿನಲ್ಲಿ ನಡೆಯುವುದೂ ಇದೇ. ಮೊದಲ ಸುರುಳಿಯ ಪ್ರವಾಹವನ್ನು ಥಟ್ಟನೆ ಕಡಿದ ಆ ಕ್ಷಣದಲ್ಲಿ ಕಿಡಿಯು ಹಾರುತ್ತದೆ. 1836ರಲ್ಲಿ ಐರ್ಲೆಂಡಿನ ಪಾದ್ರಿ ನಿಕೊಲಸ್ ಕ್ಯಾಲನನು ಇಂತಹ ಸುರುಳಿಯನ್ನು ದೊಡ್ಡದಾಗಿ ನಿರ್ಮಿಸಿದನು. ಮುಂದೆ ಪ್ಯಾರಿಸಿನ ರುಮ್‌ಕಾರ್ಫನು ಅದನ್ನು ಬಹಳ ಉತ್ತಮಗೊಳಿಸಿದನು. 1860ರಲ್ಲಿ ಲೆನ್ವಾರನು ತನ್ನ ಅನಿಲ ಇಂಜಿನಿನೊಳಗೆ ಅದರಿಂದಲೇ ಕಿಡಿ ಹೊತ್ತಿಸಿದನು. ಆಗ ಫ್ಯಾರಡೆಯು ಇನ್ನೂ ಬದುಕಿದ್ದನು.

ತಾಮ್ರವು ವಿದ್ಯುತ್ತಿಗೆ ದಾರಿಯಾದರೆ, ಆ ದಾರಿಯ ಬೇಲಿಯಾವುದು? 1837ರಲ್ಲಿ ಫ್ಯಾರಡೆಯು ಗಾಜು, ಗಂಧಕ, ಅರಗು ಮುಂತಾದ ಅವಾಹಕಗಳನ್ನು ಒಂದೊಂದಾಗಿ ಪರೀಕ್ಷಿಸಿದನು. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವ ಅದೇ ಅರಗು ಲಂಡನ್ನಿನ ಪ್ರಯೋಗಶಾಲೆಯಲ್ಲಿಯೂ ಇತ್ತು. 1848ರಲ್ಲಿ ಆತನು ಗಟಾಪರ್ಚ ಎಂಬ ಮಲಯ ದೇಶದ ಮರದ ಅಂಟನ್ನು ಅವಾಹಕವಾಗಿ ಬಳಸಬಹುದೆಂದು ಪ್ರಕಟಿಸಿದನು. ಗಾಜು ಒಳ್ಳೆಯ ಅವಾಹಕವೇ. ಆದರೆ ತೇವದ ಹವೆಯಲ್ಲಿ ಅದರ ಮೈಮೇಲೆ ನೀರಿನ ಪೊರೆಯೊಂದು ಕಟ್ಟಿ, ವಿದ್ಯುತ್ತು ಆ ಪೊರೆಯ ಮೇಲೆ ಜಾರಿಹೋಗುತ್ತದೆ. ಗಟಾಪರ್ಚವು ಹಾಗೆ ಸುಲಭವಾಗಿ ತೇವವನ್ನು ಹಿಡಿಯುವುದಿಲ್ಲ. 1851ರಲ್ಲಿ ಇಂಗ್ಲೆಂಡಿನಿಂದ ಫ್ರಾನ್ಸಿಗೆ ಸಮುದ್ರದಡಿಯಲ್ಲಿ ಹಾಕಿದ ತಂತಿಗೆ ಇದೇ ಹೊದಿಕೆಯಾಯಿತು.

ಕಾಯಿಲಿನ ಮರಣವು ಹೆಚ್ಚಾಗಿ ಈ ಬೇಲಿಯಲ್ಲಿ ಉಂಟಾಗುತ್ತದೆ, ತಾಮ್ರದಲ್ಲಲ್ಲ. ಶತ್ರುಗಳು ಎರಡು, ಶಾಖ ಮತ್ತು ತೇವ, ಇವೆರಡೂ ಜೊತೆಗಾರರು. ಇಂಜಿನಿನ ಮೈಯು ಕುದಿಯುವ ನೀರಿನಷ್ಟು ಬಿಸಿಯಾಗುತ್ತದೆ. ಪ್ರತಿದಿನವೂ ಕಾದು ಆರುತ್ತಿದ್ದರೆ ತಂತಿಯ ಮೇಲಿನ ಲೇಪವೂ, ಸುತ್ತಲಿನ ರಾಳವೂ, ರಬ್ಬರಿನ ಟೊಪ್ಪಿಗೆಯೂ ಪೆಡಸಾಗಿ ಬಿರಿಯುತ್ತವೆ. ಬೇಸಿಗೆಯಲ್ಲಿ ಬಿಟ್ಟ ಬಿರುಕಿನೊಳಗೆ ಮಳೆಗಾಲದ ತೇವವು ನುಸುಳುತ್ತದೆ. ಡಬ್ಬಿಯ ಮುಚ್ಚಳ ಸಡಿಲವಾಗಿದ್ದರೆ ಹಪ್ಪಳವು ಮೆತ್ತಗಾಗುವುದಿಲ್ಲವೇ? ಹಾಗೆಯೇ. ಆಗ 20,000 ವೋಲ್ಟು ಪ್ಲಗ್ಗಿನ ತುದಿಗೆ ಹೋಗದೆ ಬಿರುಕಿನ ಮಾರ್ಗವಾಗಿ ಇಂಜಿನಿನ ಮೈಗೆ ಹಾರುತ್ತದೆ. ಹಾರಿದೆಡೆಯಲ್ಲಿ ಕರಿಯ ಜಾಡು ಮೂಡುತ್ತದೆ. ಆ ಜಾಡು ಮುಂದಿನ ಕಿಡಿಗೆ ಇನ್ನಷ್ಟು ಸುಲಭದ ದಾರಿ. ಹಿಂದಿನ ಕಾಲದ ಕಾಯಿಲನ್ನು ಎಣ್ಣೆ ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿಡುತ್ತಿದ್ದರು. ಎಣ್ಣೆಯು ಶಾಖವನ್ನು ಹೊರಗೆ ಒಯ್ಯುತ್ತಿತ್ತು, ತೇವವನ್ನು ದೂರವಿಡುತ್ತಿತ್ತು. ಇಂದಿನದನ್ನು ಎಪಾಕ್ಸಿ ರಾಳದಲ್ಲಿ ಎರಕ ಹೊಯ್ದು ಮುಚ್ಚುತ್ತಾರೆ. ಆದುದರಿಂದಲೇ ಬಲ್ಲ ಮೆಕ್ಯಾನಿಕನು ಬಿಸಿ ಇಂಜಿನಿನ ಮೇಲೆ ಪೈಪಿನ ನೀರನ್ನು ರಭಸದಿಂದ ಬಿಡಗೊಡುವುದಿಲ್ಲ; ಬಿರಿದ ಟೊಪ್ಪಿಗೆಯನ್ನು ಕೂಡಲೇ ಬದಲಿಸುತ್ತಾನೆ; ಅದರೊಳಗೆ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರುತ್ತಾನೆ; ಪ್ಲಗ್ಗಿನ ಕುಳಿಯಲ್ಲಿ ಎಣ್ಣೆ ಸೋರಿ ನಿಂತಿದೆಯೇ ಎಂದು ಇಣುಕಿ ನೋಡುತ್ತಾನೆ. ಸವೆದ ಪ್ಲಗ್ಗನ್ನೂ ಇಡಗೊಡುವುದಿಲ್ಲ, ಏಕೆಂದರೆ ತುದಿಯ ಸಂದು ಅಗಲವಾದಷ್ಟೂ ಕಾಯಿಲು ಹೆಚ್ಚು ವೋಲ್ಟನ್ನು ಹೆರಬೇಕಾಗುತ್ತದೆ. ಇಂಜಿನು ನಡೆಯುತ್ತಿರುವಾಗ ಹುಡುಗರು ಅದರ ಬಳಿ ಕೈಯಿಡಲೇಬಾರದು.

ಶಾಖ ತೇವಗಳ ಕಾಟವನ್ನು ಫ್ಯಾರಡೆಯು ಸಮುದ್ರತೀರದಲ್ಲಿಯೂ ಎದುರಿಸಿದನು. 1836ರಿಂದ ಆತನು ಇಂಗ್ಲೆಂಡಿನ ದೀಪಸ್ತಂಭಗಳ ಆಡಳಿತಕ್ಕೆ ವಿಜ್ಞಾನ ಸಲಹೆಗಾರನಾಗಿದ್ದನು. ಎಣ್ಣೆಯು ಉರಿದಾಗ ಹುಟ್ಟುವ ನೀರಾವಿಯು ತಣ್ಣಗಿನ ಗಾಜುಗಳ ಮೇಲೆ ಹನಿಗಟ್ಟಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಬೆಳಕು ಮಸುಕಾಗುತ್ತಿತ್ತು. ನಡುಕಡಲಿನಲ್ಲಿದ್ದ ನಾವಿಕರಿಗೆ ಅದು ಪ್ರಾಣದ ಪ್ರಶ್ನೆ. ಆವಿಯನ್ನೂ ಶಾಖವನ್ನೂ ಒಟ್ಟಿಗೆ ಹೊರಗೆ ಸೆಳೆದೊಯ್ಯುವ ಹೊಗೆಗೊಳವೆಯನ್ನು ಆತನು ರಚಿಸಿದನು. ಅದರ ಪೇಟೆಂಟಿನ ಹಕ್ಕನ್ನು ತಾನು ಇಟ್ಟುಕೊಳ್ಳದೆ, ದೀಪದ ಕೆಲಸ ಮಾಡುತ್ತಿದ್ದ ಅಣ್ಣ ರಾಬರ್ಟನಿಗೆ ಬಿಟ್ಟುಕೊಟ್ಟನು.

ಸುಮಾರು 1840ರಿಂದ ಆತನ ನೆನಪಿನ ಶಕ್ತಿಯು ಕುಂದುತ್ತ ಬಂದಿತು. ಮಾಡಿದ ಪ್ರಯೋಗವನ್ನೇ ಮರೆಯುವ ಭಯದಿಂದ ಆತನು ಪ್ರತಿಯೊಂದನ್ನೂ ಸಂಖ್ಯೆ ಕೊಟ್ಟು ದಿನಚರಿಯಲ್ಲಿ ಬರೆದಿಡುವ ಹಳೆಯ ಅಭ್ಯಾಸವನ್ನು ಬಿಡದೆ ಕಾಪಾಡಿಕೊಂಡನು. 1845ರಲ್ಲಿ ಬೆಳಕಿನ ಮೇಲೂ ಕಾಂತದ ಪ್ರಭಾವವುಂಟೆಂದು ತೋರಿಸಿದುದು ಈ ಕಷ್ಟದ ಕಾಲದಲ್ಲಿಯೇ. ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳಿಗಾಗಿ ಉಪನ್ಯಾಸಗಳನ್ನು ಕೊಡುವುದನ್ನೂ ಬಿಡಲಿಲ್ಲ. ಒಂದು ಮೇಣದ ಬತ್ತಿಯನ್ನು ಕುರಿತ 1860ರ ಮಾಲೆಯು ಇಂದಿಗೂ ಪ್ರಸಿದ್ಧವಾಗಿದೆ. ರಾಯಲ್ ಸೊಸೈಟಿಯ ಅಧ್ಯಕ್ಷಪದವಿಯನ್ನೂ, ಸರ್ ಎಂಬ ಬಿರುದನ್ನೂ ಒಲ್ಲೆನೆಂದನು. 1858ರಲ್ಲಿ ವಿಕ್ಟೋರಿಯಾ ರಾಣಿಯು ಹ್ಯಾಂಪ್ಟನ್ ಕೋರ್ಟಿನಲ್ಲಿ ವಾಸಕ್ಕೊಂದು ಮನೆಯನ್ನು ಕೊಟ್ಟಳು. ಅಲ್ಲಿಯೇ 1867ರ ಆಗಸ್ಟ್ 25ರಂದು, ಕುರ್ಚಿಯಲ್ಲಿ ಕುಳಿತಿದ್ದಂತೆಯೇ ಆತನ ಪ್ರಾಣವು ಹೋಯಿತು. ಹೈಗೇಟ್ ಸ್ಮಶಾನದಲ್ಲಿ ಸಮಾಧಿ ಮಾಡಿದರು.

ಆತನು ಸುತ್ತಿದ ಕಬ್ಬಿಣದ ಉಂಗುರವು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಇಂದಿಗೂ ಇದೆ. ನೂಲೂ ಬಟ್ಟೆಯೂ ಬಣ್ಣಗೆಟ್ಟಿದ್ದರೂ, ಕಟ್ಟು ಬಿಚ್ಚಿಲ್ಲ.